ಬಿಡಿಸಿದ ಮೇಲೂ ಉಳಿಯುವುದು

ಒಗಟನ್ನು ಬಿಡಿಸಿದ ಮೇಲೆ ಅದರಲ್ಲಿ ಉಳಿಯುವುದೇನು? ಸಾಮಾನ್ಯವಾಗಿ ಏನೂ ಇಲ್ಲ. ಉತ್ತರ ಗೊತ್ತಾದ ಒಗಟನ್ನು ಇನ್ನೊಬ್ಬರ ಮುಂದೆ ಒಡ್ಡಬಹುದು, ನಮಗೆ ನಾವೇ ಒಡ್ಡಿಕೊಳ್ಳಲಾಗದು. ದಂಡಿ ತನ್ನ ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ ಹದಿನಾರು ಬಗೆಯ ಪ್ರಹೇಳಿಕೆಗಳನ್ನು ಎಣಿಸಿ ಅವುಗಳ ಉಪಯೋಗವನ್ನೂ ಹೇಳುತ್ತಾನೆ: ಗೋಷ್ಠಿಯ ವಿನೋದಕ್ಕೆ, ಜನರ ನಡುವೆ ಗುಟ್ಟು ಮಾತಾಡುವುದಕ್ಕೆ, ಎದುರಿನವರನ್ನು ತಬ್ಬಿಬ್ಬು ಮಾಡುವುದಕ್ಕೆ. ಇವುಗಳಲ್ಲಿ ಯಾವುದೂ ಕಾವ್ಯದ ದೊಡ್ಡ ಕೆಲಸವಲ್ಲ. ಒಗಟು ಎಂದರೆ ಬೀಗ, ಉತ್ತರ ಎಂದರೆ ಕೀಲಿ. ತೆಗೆದ ಮೇಲೆ ಎರಡೂ ಪಕ್ಕಕ್ಕೆ. ನಮ್ಮ ಕಾವ್ಯಮೀಮಾಂಸೆ ಒಗಟನ್ನು ಬಹುಕಾಲ ಹೀಗೆಯೇ ಕಂಡಿದೆ.

ವಿಡಿಯೊ ಗೇಮುಗಳ ಬಗೆಗೂ ಇದೇ ತಕರಾರು. 2010ರ ಏಪ್ರಿಲ್‌ನಲ್ಲಿ ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಎಬರ್ಟ್, ವಿಡಿಯೊ ಗೇಮುಗಳು ಎಂದಿಗೂ ಕಲೆಯಾಗಲಾರವು ಎಂದು ಬರೆದು ದೊಡ್ಡ ಜಗಳ ಎಬ್ಬಿಸಿದರು. ಅವರ ವಾದದ ತಿರುಳು ಸರಳ: ಆಟವನ್ನು ಗೆಲ್ಲಬಹುದು. ಅದಕ್ಕೆ ನಿಯಮ, ಗುರಿ, ಫಲಿತಾಂಶಗಳಿವೆ. ಕಾದಂಬರಿಯನ್ನಾಗಲಿ ನಾಟಕವನ್ನಾಗಲಿ ಯಾರೂ ಗೆಲ್ಲುವುದಿಲ್ಲ, ಅನುಭವಿಸುತ್ತಾರೆ ಅಷ್ಟೆ. ಮೂರು ತಿಂಗಳ ನಂತರ, ಜುಲೈ 21ರಂದು, ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನ ಪ್ಲೇಡೆಡ್ ಎಂಬ ಸಣ್ಣ ಸಂಸ್ಥೆ ‘ಲಿಂಬೊ’ ಎಂಬ ಆಟವನ್ನು ಹೊರತಂದಿತು. ನಿರ್ದೇಶಕ ಆರ್ನ್ಟ್ ಯೆನ್ಸೆನ್. ಅದು ಎಬರ್ಟ್‌ಗೆ ಕೊಟ್ಟ ಉತ್ತರವೇನಲ್ಲ. ಆದರೆ ಅವರ ಪ್ರಶ್ನೆಯ ಪಕ್ಕಕ್ಕಿಟ್ಟು ನೋಡಲು ಇದಕ್ಕಿಂತ ತಕ್ಕ ಆಟ ನನಗೆ ಸಿಕ್ಕಿಲ್ಲ. ಬೆಡಗಿನ ವಚನಗಳ ಮೇಲೆ ಪಿಎಚ್‌.ಡಿ. ಮಾಡುತ್ತಿರುವ ನಾನು ಈ ಆಟದ ಕಡೆ ಬಂದದ್ದು ಬಿಡುವಿನ ಮನರಂಜನೆಗೆ; ಅದು ನನ್ನ ಸಂಶೋಧನೆಯ ಮೇಜಿನ ಮೇಲೇ ಬಂದು ಕುಳಿತಿತು.

ಮೊದಲು ಆಟ ಹೇಗಿದೆ ನೋಡೋಣ. ಪರದೆಯೆಲ್ಲ ಕಪ್ಪು, ಬಿಳುಪು, ಬೂದು. ಮಂಜು ಕವಿದ ಕಾಡಿನ ಹುಲ್ಲಿನಲ್ಲಿ ಒಬ್ಬ ಹುಡುಗ ಮಲಗಿದ್ದಾನೆ. ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲ. ಆಡುವವರು ಕೈಗೆ ಸಿಕ್ಕ ಗುಂಡಿ ಒತ್ತಿದಾಗ ಎರಡು ಬಿಳಿ ಚುಕ್ಕಿಗಳು ಮೂಡುತ್ತವೆ. ಅವೇ ಅವನ ಕಣ್ಣು. ಅವನಿಗೆ ಹೆಸರಿಲ್ಲ, ಮಾತಿಲ್ಲ, ಮುಖವೂ ಇಲ್ಲ. ಅವನು ಮಾಡಬಲ್ಲದ್ದು ನಾಲ್ಕೇ: ನಡೆಯುವುದು, ಹತ್ತುವುದು, ಜಿಗಿಯುವುದು, ಏನನ್ನಾದರೂ ಹಿಡಿದು ಎಳೆಯುವುದು. ಇಷ್ಟರಲ್ಲೇ ಅವನು ಕಾಡು, ಜೌಗು, ಪಾಳುಬಿದ್ದ ನಗರ, ಕಾರ್ಖಾನೆಗಳನ್ನು ದಾಟಬೇಕು. ಅಡಿಗಡಿಗೂ ಒಂದು ಸಮಸ್ಯೆ, ಅದಕ್ಕೊಂದು ಉಪಾಯ. ಕೈ ಪಳಗಿದವರಿಗೆ ಮೂರು ನಾಲ್ಕು ತಾಸಿನ ಆಟ. ಬಂದ ಹೊಸತರಲ್ಲಿ ಕೊಟ್ಟ ಹಣಕ್ಕೆ ಇಷ್ಟೇನಾ ಎಂದು ಗೊಣಗಿದವರಿದ್ದರು. ಸಣ್ಣ ಕವಿತೆಯನ್ನು ತೂಕದ ಲೆಕ್ಕದಲ್ಲಿ ಅಳೆಯುವವರು ಎಲ್ಲ ಕಡೆಯೂ ಇರುತ್ತಾರೆ.

‘ಲಿಂಬೊ’ ಎಂಬ ಮಾತಿನ ಮೂಲ ಲ್ಯಾಟಿನ್. ಅಂಚು, ಎಲ್ಲೆ ಎಂದು ಅರ್ಥ. ಕ್ಯಾಥೊಲಿಕ್ ದೈವಚಿಂತನೆಯಲ್ಲಿ ದೀಕ್ಷಾಸ್ನಾನವಾಗದೆ ಸತ್ತ ಶಿಶುಗಳು ಸ್ವರ್ಗಕ್ಕೂ ಹೋಗದೆ ನರಕಕ್ಕೂ ಬೀಳದೆ ಇರುವ ತಾವು ಅದು. ಕನ್ನಡದಲ್ಲಿ ತಟ್ಟನೆ ‘ತ್ರಿಶಂಕು’ ಎನ್ನುತ್ತೇವೆ. ಆದರೆ ತ್ರಿಶಂಕುವಿಗೆ ಒಂದು ಹಟವಿತ್ತು, ಅವನಿಗಾಗಿ ಹೊಸ ಸ್ವರ್ಗವನ್ನೇ ಕಟ್ಟಲು ನಿಂತ ವಿಶ್ವಾಮಿತ್ರನಿದ್ದ. ಈ ಹುಡುಗನ ಹಿಂದೆ ಯಾವ ಕಥೆಯೂ ಇಲ್ಲ, ಯಾವ ಋಷಿಯೂ ಇಲ್ಲ. ಆಟದ ಜಾಹೀರಾತಿನಲ್ಲಿ ಮಾತ್ರ ಒಂದು ವಾಕ್ಯದ ವಿವರ ಬರುತ್ತದೆ: ಒಡಹುಟ್ಟಿದವಳಿಗೆ ಏನಾಯಿತೋ ತಿಳಿಯದೆ ಹುಡುಗ ಲಿಂಬೊ ಪ್ರವೇಶಿಸುತ್ತಾನೆ ಎಂದು. ಅಲ್ಲಿ ಇಂಗ್ಲಿಷಿನ ‘ಸಿಸ್ಟರ್’ ಎಂಬ ಪದ ಸಲೀಸಾಗಿ ಸಾಗಿಬಿಡುತ್ತದೆ. ಕನ್ನಡದಲ್ಲಿ ಹೇಳಹೊರಟರೆ ನಾವು ಒಂದನ್ನು ಆರಿಸಲೇಬೇಕು: ಅಕ್ಕನೋ, ತಂಗಿಯೋ? ಅಕ್ಕನಾದರೆ, ತನ್ನನ್ನು ಎತ್ತಿ ಆಡಿಸಿದವಳನ್ನು ಹುಡುಕುವ ಅನಾಥ ಇವನು. ತಂಗಿಯಾದರೆ, ಕೈ ಹಿಡಿದು ಕರೆದೊಯ್ದು ಎಲ್ಲೋ ಕೈಬಿಟ್ಟ ಅಣ್ಣ. ಮೊದಲನೆಯದು ವಿರಹ, ಎರಡನೆಯದು ಅಪರಾಧ. ಆಟ ಎರಡಕ್ಕೂ ಸಾಕ್ಷಿ ಕೊಡುವುದಿಲ್ಲ. ನಮ್ಮ ಭಾಷೆ ನಮ್ಮಿಂದ ಕೇಳುವ ಈ ಒಂದು ನಿರ್ಧಾರದಲ್ಲೇ ಇಡೀ ಆಟದ ಅರ್ಥ ಬೇರೆಯಾಗುತ್ತದೆ.

ಇನ್ನು ಆಟ ಕಲಿಸುವ ರೀತಿ. ಅದರ ನಿರ್ಮಾಪಕರೇ ಇದನ್ನು ಸಾವಿನ ಮೂಲಕ ಕಲಿಯುವ ಆಟ ಎಂದಿದ್ದಾರೆ. ಹುಲ್ಲಿನಲ್ಲಿ ಕಬ್ಬಿಣದ ಹಲ್ಲುಗಳ ಬೋನು ಅಡಗಿದೆ. ಕಾಲಿಟ್ಟರೆ ರುಂಡ ಮುಂಡ ಬೇರೆ. ಮರುಕ್ಷಣ ಹುಡುಗ ಕೆಲವು ಹೆಜ್ಜೆ ಹಿಂದೆ ಮತ್ತೆ ನಿಂತಿರುತ್ತಾನೆ. ಅವನಿಗೆ ನೆನಪಿಲ್ಲ, ನಮಗಿದೆ. ಒಂದು ಕಡೆ ಮೇಲಿನಿಂದ ಬೀಳುವ ಭಾರಿ ಅಚ್ಚಿನ ಕೆಳಗೆ ಹಾದುಹೋಗಬೇಕು. ನೆಲದಲ್ಲಿ ಉಬ್ಬಿದ ಭಾಗವನ್ನು ತುಳಿದರೆ ಅಚ್ಚು ಬೀಳುತ್ತದೆ. ಸತ್ತು ಕಲಿತು, ಅದನ್ನು ತುಳಿಯದೆ ಜಿಗಿದು ದಾಟುತ್ತೇವೆ. ಸ್ವಲ್ಪ ಮುಂದೆ ಥೇಟ್ ಅಂಥದೇ ಇನ್ನೊಂದು. ಕಲಿತದ್ದನ್ನೇ ಮಾಡುತ್ತೇವೆ, ಸಾಯುತ್ತೇವೆ. ಇಲ್ಲಿ ಉಬ್ಬಿದ ಭಾಗವೇ ಸುರಕ್ಷಿತ, ಸುತ್ತಲ ನೆಲವೇ ಮೃತ್ಯು. ನಿನ್ನೆಯ ಸರಿಯುತ್ತರ ಇಂದು ಕೊಲ್ಲುತ್ತದೆ. ಈ ಜೋಡಿ ಅಚ್ಚುಗಳಿಗಿಂತ ಚುರುಕಾಗಿ, ಒಂದು ಮಾತೂ ಬಳಸದೆ, ತಿಳಿವಳಿಕೆಯ ಅಹಂಕಾರವನ್ನು ಮುರಿದದ್ದನ್ನು ನಾನು ಬೇರೆ ಆಟದಲ್ಲಿ ಕಂಡಿಲ್ಲ.

ಜೇಡದ ಪ್ರಸಂಗ ಇನ್ನೂ ಆಳದ್ದು. ಮರದ ಹಿಂದಿನಿಂದ ಹುಡುಗನಿಗಿಂತ ಹಲವು ಪಟ್ಟು ಎತ್ತರದ ಜೇಡ ಕಾಲು ಚಾಚಿ ಇರಿಯುತ್ತದೆ. ಬೋನನ್ನು ಎಳೆದು ಅದರ ಕಾಲಡಿ ಇಟ್ಟು ಗಾಯಗೊಳಿಸಿ ಓಡಿಸಬೇಕು. ಆಮೇಲೂ ಅದು ಬೆನ್ನು ಹತ್ತುತ್ತದೆ, ಬಲೆಯಲ್ಲಿ ಸುತ್ತಿ ತೂಗುಹಾಕುತ್ತದೆ. ಕೊನೆಗೆ ಅದಕ್ಕೆ ಒಂದೇ ಕಾಲು ಉಳಿದಿರುವಾಗ ಎದುರಾಗುತ್ತದೆ. ಮುಂದೆ ಮುಳ್ಳುಗಳ ಗುಂಡಿ, ದಾಟಲು ದಾರಿಯಿಲ್ಲ. ಉಪಾಯ ಹೊಳೆದಾಗ ಹೊಟ್ಟೆ ತೊಳಸುತ್ತದೆ: ಆ ಕೊನೆಯ ಕಾಲನ್ನೂ ಕಿತ್ತು, ದೇಹವನ್ನು ಉರುಳಿಸಿ ಗುಂಡಿಗೆ ತಳ್ಳಿ, ಅದರ ಮೇಲೆ ಕಾಲಿಟ್ಟು ದಾಟಬೇಕು. ಎಳೆಯುವ ಗುಂಡಿ ಒತ್ತಿ ಹಿಡಿಯುವ ಬೆರಳು ನಮ್ಮದೇ. ಭಯಪಡಿಸಿದ ಪ್ರಾಣಿ ಈಗ ದಯನೀಯ, ದಯನೀಯನಾಗಿದ್ದ ಹುಡುಗ ಈಗ ಕ್ರೂರಿ. ಕಥೆಯೊಂದರಲ್ಲಿ ಇದನ್ನು ಓದಿದ್ದರೆ ಪಾತ್ರವನ್ನು ದೂರಿ ಪುಟ ತಿರುಗಿಸುತ್ತಿದ್ದೆ. ಇಲ್ಲಿ ದೂರಲು ಮೂರನೆಯವರಿಲ್ಲ. ಗೆಲ್ಲಬಹುದಾದದ್ದು ಕಲೆಯಲ್ಲ ಎಂಬ ಎಬರ್ಟ್ ವಾದ ಇಲ್ಲಿ ಕುಂಟುತ್ತದೆ. ನಾನು ಗೆದ್ದೆ, ಹೌದು; ಆ ಗೆಲುವೇ ನನಗೆ ಬೇಡವಾಯಿತು. ಗೆಲುವಿನ ರುಚಿಯನ್ನು ಹೀಗೆ ಕೆಡಿಸುವುದು ಆಟಕ್ಕೆ ಮಾತ್ರ ಸಾಧ್ಯ.

ಕತ್ತಲೆಯಷ್ಟೇ ಕೆಲಸ ಮಾಡುವುದು ಇಲ್ಲಿಯ ಶಬ್ದ. ಮಾರ್ಟಿನ್ ಸ್ಟಿಗ್ ಆಂಡರ್ಸನ್ ರೂಪಿಸಿದ ಈ ಧ್ವನಿಲೋಕದಲ್ಲಿ, ಈಗ ಹೆದರಿ, ಈಗ ಅಳಿ ಎಂದು ಸೂಚಿಸುವ ಸಂಗೀತ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹುಲ್ಲು ಸರಿಯುವ, ನೀರು ಕಲಕುವ, ದೂರದಲ್ಲೆಲ್ಲೋ ಯಂತ್ರ ಉಸಿರಾಡುವ ಸದ್ದು. ಆಟದ ಲೋಕದಲ್ಲಿ ಕಣ್ಣಿಗೆ ಬೀಳುವ ಒಂದೇ ಒಂದು ಪದ ‘ಹೋಟೆಲ್’, ಪಾಳುಕಟ್ಟಡದ ಮೇಲಿನ ವಿದ್ಯುತ್ ಫಲಕದಲ್ಲಿ. ಅದನ್ನೂ ನಾವು ಓದುವುದಕ್ಕಿಂತ ಹೆಚ್ಚಾಗಿ ಹತ್ತುತ್ತೇವೆ. ಅಕ್ಷರಗಳು ಮೆಟ್ಟಿಲಾಗುತ್ತವೆ, ಕರೆಂಟು ಹರಿದಾಗ ಕೊಲ್ಲುತ್ತವೆ.

ಈ ಆಟವನ್ನು ನನಗಿಂತ ಚೆನ್ನಾಗಿ ಅರಿತವನು ನನ್ನ ಕಾಕಾನ ಮಗ, ಏಳನೆಯ ಕ್ಲಾಸಿನ ಹುಡುಗ. ಕಾಗಿಣಾ ಉಕ್ಕಿ ದಂಡೋತಿಯ ಸೇತುವೆ ಮುಳುಗಿದರೆ ಚಿತ್ತಾಪುರ, ಕಲಬುರಗಿಯ ನಡುವಿನ ದಾರಿ ನಿಂತುಹೋಗುತ್ತದೆ. ಮಳೆಗಾಲದಲ್ಲಿ ನಮಗಿದು ಹೊಸದಲ್ಲ. ಹಾಗೆ ಊರಲ್ಲೇ ಉಳಿದ ಒಂದು ವಾರ ಅವನು ನನ್ನ ಲ್ಯಾಪ್‌ಟಾಪಿನಲ್ಲಿ ಇದನ್ನು ಆಡಿದ. ನಾನು ಪಕ್ಕದಲ್ಲಿ ಕೂತು, ಇದು ಸತ್ತವರ ಲೋಕವಿರಬಹುದೇ, ಹುಡುಗ ತಾನು ಸತ್ತದ್ದನ್ನು ಅರಿಯನೇ ಎಂದೆಲ್ಲ ಕೇಳುತ್ತಿದ್ದೆ. ಅವನಿಗೆ ಅದು ಕಿವಿಗೆ ಬೀಳುತ್ತಿರಲಿಲ್ಲ. “ಸುಮ್ನಿರು ಅಕ್ಕಾ, ಒಮ್ಮಿ ಸತ್ತರ ಗೊತ್ತಾಗ್ತದ ಎಲ್ಲಿ ನಿಂದ್ರಬೇಕಂತ,” ಎಂದ. ಮೂರನೆಯ ರಾತ್ರಿ ಆಟ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ಕೇಳಿದ: “ಮತ್ತ ಮೊದಲಿಂದ ಆಡ್ಲಾ?” ಉತ್ತರಗಳೆಲ್ಲ ಗೊತ್ತಾದ ಮೇಲೆ ಯಾಕೆ ಎಂದು ನಾನು ಕೇಳಲಿಲ್ಲ. ಆ ಪ್ರಶ್ನೆ ನನಗೆ ಬೇರೆ ಕಡೆಯಿಂದ ಪರಿಚಿತವಾಗಿತ್ತು.

ನಮ್ಮ ಕಡೆ ಭಜನೆಯ ರಾತ್ರಿಗಳಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ, ತಾಳದೊಂದಿಗೆ ಹಾಡುತ್ತಾರೆ. ಅವುಗಳಲ್ಲಿ ಎಷ್ಟೋ ಪದಗಳು ಮೇಲ್ನೋಟಕ್ಕೆ ಒಗಟುಗಳೇ. ಚಿಕ್ಕವಳಿದ್ದಾಗ ಅರ್ಥ ಏನೆಂದು ಕೇಳಿದರೆ ಮುತ್ಯಾ, “ತಡಿ, ಇನ್ನೊಮ್ಮಿ ಹಾಡ್ತೀನಿ,” ಎನ್ನುತ್ತಿದ್ದ. ಆಗ ಅದು ಜಾರಿಕೆಯ ಮಾತಿನಂತೆ ಕೇಳುತ್ತಿತ್ತು. ಆದರೆ ಭಜನೆಯಲ್ಲಿ ಕೂತವರೆಲ್ಲ ಆ ಪದಗಳನ್ನು ನೂರಾರು ಸಲ ಹಾಡಿದವರು. ಯಾರೂ ಉತ್ತರಕ್ಕಾಗಿ ಹಾಡುತ್ತಿರಲಿಲ್ಲ. ಮದುಮಗಳು ಹೊಸ್ತಿಲಲ್ಲಿ ನಿಂತು ಒಡಪು ಕಟ್ಟಿ ಗಂಡನ ಹೆಸರು ಹೇಳುವುದೂ ಹೀಗೆಯೇ. ಹೆಸರು ನೆರೆದ ಎಲ್ಲರಿಗೂ ಗೊತ್ತು. ಗೊತ್ತಿರುವುದನ್ನು ತಲುಪುವ ಸುತ್ತುದಾರಿಯಲ್ಲೇ ಸೊಗಸಿರುವುದು. ದಂಡಿ ಗಮನಿಸದ ಒಗಟು ಇದು: ಬಿಡಿಸುವುದಕ್ಕಿಂತ ಒಳಗೆ ಇರುವುದಕ್ಕೆಂದು ಇರುವ ಒಗಟು.

ಬೆಡಗಿನ ವಚನ ಈ ಕುಲದ್ದು. ‘ಬೆಡಗು’ ಎಂದರೆ ಸೊಗಸೂ ಹೌದು, ವಿಸ್ಮಯವೂ ಹೌದು. ಹನ್ನೆರಡನೆಯ ಶತಮಾನದ ಅಲ್ಲಮಪ್ರಭುವಿನ ಬೆಡಗುಗಳಲ್ಲಿ ಲೋಕದ ನಿಯಮಗಳು ತಲೆಕೆಳಗಾಗುತ್ತವೆ, ಹೊಂದದ ಚಿತ್ರಗಳು ಒಂದರ ಪಕ್ಕ ಒಂದು ನಿಲ್ಲುತ್ತವೆ. ಎ. ಕೆ. ರಾಮಾನುಜನ್ 1973ರ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ ಇದನ್ನು ಸಿದ್ಧರ ಸಂಧ್ಯಾಭಾಷೆಯ ಜೊತೆಗಿಟ್ಟು ನೋಡಿದರು. ಇಂಥ ವಚನಗಳಿಗೆ ಟೀಕೆಗಳು ಹುಟ್ಟಿದವು. ಸಿಂಗಳದ ಸಿದ್ಧಬಸವರಾಜನಂಥವರು ಬೆಡಗುಗಳನ್ನೇ ಆರಿಸಿ ಟೀಕೆ ಬರೆದರು. ಟೀಕಾಕಾರ ಒಂದೊಂದು ಚಿತ್ರಕ್ಕೂ ಒಂದೊಂದು ತತ್ವವನ್ನು ಜೋಡಿಸುತ್ತಾನೆ: ಇದು ದೇಹ, ಇದು ಮನ, ಇದು ಮಾಯೆ, ಇದು ಲಿಂಗ.

‘ಲಿಂಬೊ’ಗೂ ಇಂಥ ಟೀಕಾಕಾರರು ಹುಟ್ಟಿಕೊಂಡಿದ್ದಾರೆ. ಕೊನೆಯಲ್ಲಿ ಹುಡುಗ ಗಾಜಿನಂಥ ತೆರೆಯನ್ನು ಒಡೆದುಕೊಂಡು ಬೀಳುತ್ತಾನಲ್ಲ, ಅದು ಕಾರಿನ ಗಾಜು, ಆದ್ದರಿಂದ ಇಬ್ಬರೂ ಅಪಘಾತದಲ್ಲಿ ಸತ್ತವರು ಎಂದು ಒಬ್ಬರು. ಮರದ ಮೇಲಿನ ಮನೆಯಿಂದ ಹುಡುಗಿ ಬಿದ್ದಳು ಎಂದು ಇನ್ನೊಬ್ಬರು. ಜೇಡವೆಂದರೆ ಬಾಲ್ಯದ ಭಯ, ಕಾರ್ಖಾನೆಯೆಂದರೆ ಪ್ರೌಢ ಲೋಕ ಎಂದು ಮತ್ತೊಬ್ಬರು. ಎಲ್ಲವೂ ಹೊಂದುತ್ತವೆ, ಯಾವುದೂ ಸಾಲದು. ಇದರ ಜೊತೆಗೆ ‘ವಾಕ್‌ಥ್ರೂ’ ವಿಡಿಯೊಗಳಿವೆ: ಬಲ್ಲವರು ಒಂದೂ ತಪ್ಪು ಹೆಜ್ಜೆಯಿಡದೆ ಇಡೀ ಆಟವನ್ನು ಆಡಿ ತೋರಿಸುವ ದಾಖಲೆಗಳು. ಅದರಲ್ಲಿ ಪ್ರತಿ ಸಮಸ್ಯೆಗೂ ಸರಿಯುತ್ತರವಿದೆ. ಆಟ ಮಾತ್ರ ಇಲ್ಲ. ಜೋಡಿ ಅಚ್ಚುಗಳಡಿ ಸಾಯದವರಿಗೆ ಆ ಅಚ್ಚುಗಳು ಏನನ್ನೂ ಹೇಳುವುದಿಲ್ಲ. ಜೇಡದ ಕಾಲನ್ನು ಬೇರೆಯವರ ಬೆರಳು ಕಿತ್ತರೆ ನಮ್ಮ ಹೊಟ್ಟೆ ತೊಳಸುವುದಿಲ್ಲ.

ನನಗೆ ಇದು ತರಗತಿಯ ಮಾತೂ ಹೌದು. ಬೆಡಗಿನ ವಚನಗಳನ್ನು ನಮಗೆ ಕಲಿಸಿದ್ದೇ ವಾಕ್‌ಥ್ರೂ ಆಗಿ. ವಚನದ ಎಡಕ್ಕೆ ಚಿತ್ರಗಳು, ಬಲಕ್ಕೆ ಅರ್ಥಗಳು. ಪರೀಕ್ಷೆಯಲ್ಲಿ ಹೊಂದಿಸಿ ಬರೆಯಿರಿ. ಸ್ಪರ್ಧಾತ್ಮಕ ಪರೀಕ್ಷೆಗಳ ಗೈಡುಗಳಲ್ಲಿ ವಚನವೇ ಇರುವುದಿಲ್ಲ, ಅದರ ‘ಬಿಡಿಸಿದ’ ರೂಪವಿರುತ್ತದೆ. ಹೀಗೆ ಓದಿದ ವಿದ್ಯಾರ್ಥಿಗೆ ಬೆಡಗು ಒಂದು ಸುಳ್ಳು ಕಷ್ಟದಂತೆ ಕಾಣುತ್ತದೆ: ದೇಹ, ಮನ ಎಂದೇ ಹೇಳಬಹುದಿತ್ತಲ್ಲ, ಇಷ್ಟೆಲ್ಲ ಯಾಕೆ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರವೇ ವಚನವಾದರೆ ವಚನ ಅನಾವಶ್ಯಕ.

ಆದರೆ ತಪ್ಪನ್ನು ಹಳೆಯ ಟೀಕಾಕಾರರ ತಲೆಗೆ ಕಟ್ಟುವುದು ಸರಿಯಲ್ಲ. ಅವರು ಬರೆದದ್ದು ವಚನಗಳನ್ನು ಬಾಯಲ್ಲಿ, ನಿತ್ಯದ ಸಾಧನೆಯಲ್ಲಿ ಇಟ್ಟುಕೊಂಡವರಿಗೆ. ವಚನದ ಬದಲಿಗೆ ಓದಲೆಂದಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಕಲಿಸಿದ ‘ಶೂನ್ಯಸಂಪಾದನೆ’ಯನ್ನು ನೋಡಿ. ಅಲ್ಲಿ ಬೆಡಗು ಒಂಟಿಯಾಗಿ ನಿಂತಿಲ್ಲ. ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಕೊಡುವ ಮಾತಾಗಿ, ಎದುರಿನವರನ್ನು ಅಲುಗಿಸುವ ಪೆಟ್ಟಾಗಿ ಬರುತ್ತದೆ. ಅರ್ಥ ಸಿಗುವ ಮುಂಚೆ ಅಲುಗಾಟ ಆಗಬೇಕು. ಟೀಕೆ ಅಲುಗಾಟದ ನಂತರದ್ದು. ನಾವು ಕ್ರಮವನ್ನು ತಿರುವುಮುರುವು ಮಾಡಿದ್ದೇವೆ.

ಹಾಗೆಂದು ‘ಲಿಂಬೊ’ವನ್ನು ಅಲ್ಲಮನ ಪಕ್ಕ ಕೂರಿಸುವ ಉತ್ಸಾಹ ನನಗಿಲ್ಲ. ಆಟಕ್ಕೆ ತನ್ನವೇ ಕೊರತೆಗಳಿವೆ. ಮೊದಲರ್ಧದ ಕಾಡಿನಲ್ಲಿ ಪ್ರತಿ ಸಮಸ್ಯೆಯೂ ಭಯದ, ಕ್ರೌರ್ಯದ, ಒಂಟಿತನದ ಒಂದು ರೂಪ. ಕಾರ್ಖಾನೆ ಸೇರಿದ ಮೇಲೆ ಹಲ್ಲುಚಕ್ರ, ಅಯಸ್ಕಾಂತ, ಗುರುತ್ವವನ್ನು ತಲೆಕೆಳಗು ಮಾಡುವ ಯಂತ್ರಗಳು ಬರುತ್ತವೆ. ಬುದ್ಧಿಗೆ ಕಸರತ್ತು ಹೆಚ್ಚುತ್ತದೆ, ಎದೆಗೆ ಏನೂ ತಾಗುವುದಿಲ್ಲ. ಅಲ್ಲಿ ‘ಲಿಂಬೊ’ ದಂಡಿಯ ಪ್ರಹೇಳಿಕೆಯ ಮಟ್ಟಕ್ಕೆ ಇಳಿಯುತ್ತದೆ. ತಲೆಯ ಮೇಲೆ ಬಿದ್ದು ಕೊರೆಯುವ ಹೊಳೆವ ಹುಳುವೊಂದು ಮಾತ್ರ ಇದಕ್ಕೆ ಅಪವಾದ. ಅದು ಅಂಟಿದರೆ ಹುಡುಗ ಒಂದೇ ದಿಕ್ಕಿಗೆ ನಡೆಯುತ್ತಲೇ ಇರಬೇಕು. ಬೆಳಕು ಬಿದ್ದಾಗಷ್ಟೇ ತಿರುಗುತ್ತಾನೆ. ತಿರುಗುವುದೂ ಅವನ ಇಚ್ಛೆಯಲ್ಲ, ಇನ್ನೊಂದು ದಿಕ್ಕಿನ ಗುಲಾಮಗಿರಿ. ಆಡುವವರ ಕೈಯಿಂದ ಗುಂಡಿಯ ಅಧಿಕಾರವನ್ನೇ ಕಿತ್ತುಕೊಂಡು ಸ್ವತಂತ್ರ ಇಚ್ಛೆಯ ಪ್ರಶ್ನೆಯನ್ನು ಎತ್ತುವ ಈ ಉಪಾಯ ಚೆನ್ನಾಗಿದೆ.

ಇನ್ನೊಂದು ಇರುಸುಮುರುಸು. ಕಾಡಿನಲ್ಲಿ ಬೇರೆ ಮಕ್ಕಳಿದ್ದಾರೆ. ಬಲೆಗಳನ್ನೊಡ್ಡಿ, ಊದುಗೊಳವೆಯಿಂದ ಬಾಣ ಬಿಡುವ ನೆರಳುಗಳು. ಇಲ್ಲಿ ಎಲ್ಲರೂ ಕಪ್ಪು ನೆರಳುಗಳೇ, ನಾಯಕನೂ ಸೇರಿ. ಆದರೂ ಊದುಗೊಳವೆ ಹಿಡಿದ ‘ಕಾಡಿನವರು’ ಯುರೋಪಿನ ಹಳೆಯ ಸಾಹಸಕಥೆಗಳ ಉಗ್ರಾಣದಿಂದ ಎದ್ದುಬಂದವರು. ಎಲ್ಲ ಅರ್ಥಗಳನ್ನೂ ಅಳಿಸಿದೆನೆಂದುಕೊಂಡ ಆಟಕ್ಕೆ ತಾನು ಅಳಿಸದೆ ಬಿಟ್ಟದ್ದು ಕಂಡಿಲ್ಲ. ಹುಡುಗಿಯೂ ಹಾಗೆಯೇ: ದಾರಿಯಲ್ಲಿ ಒಮ್ಮೆ ಕಂಡು ಕೈತಪ್ಪುತ್ತಾಳೆ, ಕೊನೆಯಲ್ಲಿ ಕಾಣುತ್ತಾಳೆ. ಅವಳು ಹುಡುಕಲ್ಪಡುವವಳು ಮಾತ್ರ. ಅವಳು ಯಾರನ್ನು ಹುಡುಕುತ್ತಿದ್ದಾಳೆ ಎಂದು ಆಟ ಕೇಳುವುದೇ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ‘ಲಿಂಬೊ’ ಅರ್ಥವನ್ನು ತಡೆಹಿಡಿಯುತ್ತದೆ. ಹೇಳಬಹುದಾದದ್ದನ್ನು ಹೇಳದೆ ಬಿಟ್ಟು ಆಳದ ಭಾವನೆ ಹುಟ್ಟಿಸುತ್ತದೆ. ಅಲ್ಲಮ ಏನನ್ನೂ ತಡೆಹಿಡಿದವನಲ್ಲ. ಮಾತಿಗೆ ಸಾಧ್ಯವಾದಷ್ಟನ್ನೂ ಹೇಳಿದ್ದಾನೆ. ಅಲ್ಲಿ ಉಳಿದ ಕತ್ತಲೆ ಮಾತಿನ ಎಲ್ಲೆಯಾಚೆಯದು. ಬೆಡಗಿನ ಹಿಂದೆ ಅನುಭವವಿದೆ, ಆ ಅನುಭವವನ್ನು ಹಂಚಿಕೊಂಡ ಶರಣರ ಬಳಗವಿದೆ. ಆಟದ ಹಿಂದೆ ಇರುವುದು ನುರಿತ ಕೈ, ಒಳ್ಳೆಯ ಅಭಿರುಚಿ. ಮಬ್ಬನ್ನು ಆಳವೆಂದು ಎಣಿಸುವ ಅಪಾಯ ಇಂಥ ಆಟಗಳನ್ನು ಮೆಚ್ಚುವ ನಮ್ಮೆಲ್ಲರಿಗೂ ಇದೆ.

ಹೀಗಿದ್ದೂ ಆಟದ ಕೊನೆ ನನ್ನನ್ನು ಬಿಟ್ಟಿಲ್ಲ. ಗಾಜಿನ ತೆರೆ ಒಡೆದು ಬಿದ್ದ ಹುಡುಗ ಕಾಡಿನಲ್ಲಿ ಏಳುತ್ತಾನೆ, ಮೊದಲಿನ ಹಾಗೆಯೇ. ಸ್ವಲ್ಪ ನಡೆಯುತ್ತಾನೆ. ಹುಡುಗಿ ಬೆನ್ನು ತಿರುಗಿಸಿ ಕೂತಿದ್ದಾಳೆ. ಅವನು ಹತ್ತಿರವಾಗುತ್ತಿದ್ದಂತೆ ತಟ್ಟನೆ ಬೆನ್ನು ನೆಟ್ಟಗಾಗಿಸುತ್ತಾಳೆ. ಅಲ್ಲಿಗೆ ಕತ್ತಲೆ. ಹೆಸರುಗಳು ಸರಿದ ಮೇಲೆ ಆಟದ ಆರಂಭದ ತೆರೆ ಮರಳಿ ಬರುತ್ತದೆ, ಆಟ ಶುರುಮಾಡುವಾಗ ಗಮನಿಸದೆ ದಾಟಿದ ಚಿತ್ರ. ಅದು ಇದೇ ಜಾಗ. ಇಬ್ಬರೂ ಇಲ್ಲ. ಅವರು ಇರಬೇಕಾದಲ್ಲಿ, ನೆಲದ ಎರಡು ಕಡೆ, ನೊಣಗಳು ಗುಂಯ್‌ಗುಡುತ್ತಿವೆ. ಇದಕ್ಕೆ ಉತ್ತರ ಕೊಡುವುದು ಸುಲಭ: ಇಬ್ಬರೂ ಸತ್ತಿದ್ದಾರೆ. ಉತ್ತರ ಸರಿಯೂ ಇರಬಹುದು. ಆದರೆ ಅದನ್ನು ಹೇಳಿಕೊಂಡ ಮೇಲೂ ಹುಡುಗಿಯ ಬೆನ್ನು ನೆಟ್ಟಗಾದ ಆ ಕ್ಷಣ ಹಾಗೆಯೇ ಇರುತ್ತದೆ; ಉತ್ತರ ಅದನ್ನು ಮುಟ್ಟಿಯೇ ಇಲ್ಲ. ಬಿಡಿಸಿದ ಮೇಲೂ ಉಳಿಯುವುದು ಇದು.

ಮುಂದಿನ ಸಲ ಬೆಡಗಿನ ವಚನವನ್ನು ತರಗತಿಗೆ ತಂದಾಗ ನಾನು ಟೀಕೆಯನ್ನು ಚೀಲದಲ್ಲೇ ಇಟ್ಟಿರುತ್ತೇನೆ. ಮೊದಲ ದಿನ ವಚನವನ್ನು ಎಲ್ಲರೂ ಗಟ್ಟಿಯಾಗಿ ಓದಬೇಕು, ಎರಡನೆಯ ದಿನವೂ. ತಪ್ಪು ಅರ್ಥಗಳು ಬರಲಿ, ಒಂದು ವಚನದಲ್ಲಿ ಹೊಂದಿದ ಅರ್ಥ ಮುಂದಿನದರಲ್ಲಿ ಕುಸಿಯಲಿ. ಟೀಕೆ ಮೂರನೆಯ ದಿನ ಬಂದರೆ ಸಾಕು. ಅಷ್ಟು ಹೊತ್ತಿಗೆ ಅದರೊಂದಿಗೆ ಜಗಳಾಡುವಷ್ಟು ತಾವಾದರೂ ವಿದ್ಯಾರ್ಥಿಗಳಿಗೆ ಸಿಕ್ಕಿರುತ್ತದೆ.